ಓದಲಷ್ಟೇ ಬೇಕಿದ್ದರೆ ಬೀಗ ಏಕೆ?

‘ಎಕ್ಸೆಲ್ ಗೊತ್ತು’ ಎಂದು ರೆಸ್ಯೂಮೆಯಲ್ಲಿ ಬರೆಯದ ಪದವೀಧರರು ಈಗ ವಿರಳ. ಆದರೆ ಒಂದೇ ಫೈಲನ್ನು ನಾಲ್ಕು ಜನ ಬಳಸುವ ಕಚೇರಿಗೆ ಸೇರಿದ ಮೊದಲ ವಾರವೇ ‘ಫೈಲ್ ಇನ್ ಯೂಸ್’ ಎಂಬ ಸಂದೇಶ ಎದುರಾಗಬಹುದು. ಬೇರೆಯವರು ಅದನ್ನು ತೆರೆದಿದ್ದಾರೆ, ನೀವು ಓದಬಹುದು, ತಿದ್ದುವಂತಿಲ್ಲ ಎಂದು ಅದರ ಅರ್ಥ.

ಇದು ಕಿರಿಕಿರಿಯಲ್ಲ, ರಕ್ಷಣೆ. ಹಗರಿಬೊಮ್ಮನಹಳ್ಳಿಯ ಒಂದು ಗೊಬ್ಬರದ ಅಂಗಡಿಯನ್ನು ಊಹಿಸಿಕೊಳ್ಳಿ. ದಾಸ್ತಾನು 50 ಚೀಲ ಯೂರಿಯಾ. ಇಬ್ಬರು ಒಟ್ಟಿಗೆ ಫೈಲ್ ತೆರೆದು, ಒಬ್ಬರು 10 ಚೀಲ ಮಾರಿ 40 ಎಂದೂ, ನಂತರ ಇನ್ನೊಬ್ಬರು 5 ಚೀಲ ಮಾರಿ 45 ಎಂದೂ ಸೇವ್ ಮಾಡಿದರೆ ಫೈಲಿನಲ್ಲಿ ಉಳಿಯುವುದು 45. ಗೋದಾಮಿನಲ್ಲಿರುವುದು 35. ಬೈಸಿಕೊಳ್ಳುವುದು ಕಂಪ್ಯೂಟರ್ ಮುಂದೆ ಕೂತವರು! ಇದನ್ನು ತಡೆಯಲೆಂದೇ ಮೊದಲು ತೆರೆದವರ ಹೆಸರಿಗೆ ಬೀಗ ಬೀಳುತ್ತದೆ. ಅದೇ ಫೋಲ್ಡರಿನಲ್ಲಿ ಟಿಲ್ಡ್ ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುವ ಗುಪ್ತ ಫೈಲೊಂದು, ತೆರೆದವರು ಯಾರೆಂದು ನೆನಪಿಟ್ಟುಕೊಳ್ಳುತ್ತದೆ.

ಸಂದೇಶ ಬಂದರೆ ಮನುಷ್ಯರು ಓದಿ ನಿರ್ಧರಿಸುತ್ತಾರೆ. ಮ್ಯಾಕ್ರೊಗೆ ಅದು ಗೊತ್ತಿಲ್ಲ, ಅರ್ಧದಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮ್ಯಾಕ್ರೊ ಬರೆಯುವಾಗ ಮೂರು ಅಂಶ ಗಮನದಲ್ಲಿರಲಿ.

1. ಅಂಕಿ ಓದಿಕೊಳ್ಳುವುದಷ್ಟೇ ಕೆಲಸವಾದರೆ, ‘ವರ್ಕ್‌ಬುಕ್ಸ್ ಓಪನ್’ ಆಜ್ಞೆಯಲ್ಲಿ ‘ರೀಡ್‌ಓನ್ಲಿ’ಗೆ ‘ಟ್ರೂ’ ಎಂದು ಕೊಡಿ. ಇದರಿಂದ ತಿದ್ದಬೇಕಾದ ಸಹೋದ್ಯೋಗಿಗೆ ನೀವು ಅಡ್ಡಿಯಾಗುವುದಿಲ್ಲ.

2. ಬರೆಯಲೇಬೇಕಿದ್ದರೆ, ತೆರೆದ ಕೂಡಲೇ ಆ ವರ್ಕ್‌ಬುಕ್ಕಿನ ‘ರೀಡ್‌ಓನ್ಲಿ’ ಗುಣವನ್ನು ಪರೀಕ್ಷಿಸಿ. ‘ಟ್ರೂ’ ಬಂದರೆ ಫೈಲ್ ಮುಚ್ಚಿ, ‘ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಎಂಬ ಸೂಚನೆ ತೋರಿಸಿ.

3. ಕೆಲಸ ಮುಗಿದ ತಕ್ಷಣ ಫೈಲ್ ಮುಚ್ಚಿ. ನಡುವೆ ಎರರ್ ಬಂದರೂ ಮುಚ್ಚುವ ಸಾಲು ನಡೆಯುವಂತಿರಲಿ. ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಉಳಿದ ಎಕ್ಸೆಲ್ ಬೀಗ ಬಿಡುವುದೇ ಇಲ್ಲ.

ಓದುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ ಎಂಬುದು ನಮ್ಮ ರೈತರಿಗೆ ಹೊಸದಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಶುಲ್ಕ ಕಟ್ಟಿದ ಯಾರಿಗಾದರೂ ಪಹಣಿ ಸಿಗುತ್ತದೆ. ಆದರೆ ದಾಖಲೆ ತಿದ್ದಲು ಅಧಿಕಾರವಿರುವ ಸಿಬ್ಬಂದಿ ಬೆರಳಿನ ಗುರುತು ಕೊಟ್ಟೇ ಒಳಹೋಗಬೇಕು. ಮ್ಯುಟೇಶನ್ ಅರ್ಜಿಗಳಿಗೂ ಬಂದ ಸರದಿಯೇ ಆಧಾರ. ಅದು ಎಕ್ಸೆಲ್ ಅಲ್ಲ, ದೊಡ್ಡ ಡೇಟಾಬೇಸ್. ಆದರೂ ಕಾಳಜಿ ಒಂದೇ: ಒಬ್ಬರ ದಾಖಲೆ ಇನ್ನೊಬ್ಬರ ಅವಸರಕ್ಕೆ ಅಳಿಯಬಾರದು.

ಡೇಟಾ ಎಂಟ್ರಿ, ಅಕೌಂಟ್ಸ್ ಕೆಲಸದ ಸಂದರ್ಶನಕ್ಕೆ ಹೊರಟಿದ್ದೀರಾ? ಎರಡು ಕಂಪ್ಯೂಟರ್, ಒಂದು ಶೇರ್ಡ್ ಫೋಲ್ಡರ್ ಇದ್ದರೆ ಇದನ್ನು ಇಂದೇ ಮಾಡಿ ನೋಡಬಹುದು. ಮ್ಯಾಕ್ರೊ ಬರೆಯಬಲ್ಲೆ ಎನ್ನುವುದರ ಜೊತೆಗೆ, ಹತ್ತು ಜನ ಬಳಸುವ ಫೈಲನ್ನು ಕೆಡಿಸದೆ ಬರೆಯಬಲ್ಲೆ ಎಂದೂ ಧೈರ್ಯವಾಗಿ ಹೇಳಬಹುದು.