ಕಿಟಕಿ ಸಂದು: ಮಳೆಗಾಲಕ್ಕೆ ಮುನ್ನ ಮುಚ್ಚಿದರೆ ಲೇಸು

ವೆಸ್ಟ್ ಮಾಂಬಲಂನ ಹಳೆಯ ಮನೆಗಳಲ್ಲಿ ಕಿಟಕಿ ಮುಚ್ಚಿದ ಮೇಲೂ ಗಾಳಿ ನುಸುಳುವುದು ಹೊಸತೇನಲ್ಲ. ಚಳಿಯೇ ಇಲ್ಲದ ಊರಿನಲ್ಲಿ ಇದರಿಂದೇನು ನಷ್ಟ ಎನ್ನುವವರುಂಟು. ನಷ್ಟ ಎರಡು ಬಗೆಯದು. ಬೇಸಿಗೆಯಲ್ಲಿ ಎ.ಸಿ.ಯ ತಂಪು ಸೋರಿ ಹೋಗಿ, ತೇವದ ಬಿಸಿಗಾಳಿ ಒಳಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಲ್ಲಿ ಅದೇ ಸಂದಿನಿಂದ ಮಳೆನೀರು ಹಾಸಿಗೆಯವರೆಗೂ ಬರುತ್ತದೆ. 2016ರ ಡಿಸೆಂಬರ್ 12ರಂದು ಅಪ್ಪಳಿಸಿದ ವರ್ದಾ ಚಂಡಮಾರುತವನ್ನು ಕಂಡವರಿಗೆ ಗಾಳಿಯೊಡನೆ ಬರುವ ಮಳೆಯ ಪರಿಚಯವಿದೆ.

ಸಂದು ಚಿಕ್ಕದೆಂದು ಕಡೆಗಣಿಸುವಂತಿಲ್ಲ. ನಾಲ್ಕಡಿ ಎತ್ತರ, ಮೂರಡಿ ಅಗಲದ ಕಿಟಕಿಯ ಸುತ್ತಳತೆ 14 ಅಡಿ. ಸುತ್ತಲೂ ಎರಡು ಮಿಲಿಮೀಟರ್ ಸಂದಿದ್ದರೆ ಒಟ್ಟು 85 ಚದರ ಸೆಂಟಿಮೀಟರ್ ಆಗುತ್ತದೆ. ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದಿಟ್ಟಂತೆಯೇ ಸರಿ.

ಪತ್ತೆ ಮಾಡುವುದು ಸುಲಭ. ಸಂಜೆ ಕಡಲಗಾಳಿ ಬೀಸುವಾಗ ಫ್ಯಾನ್ ಆರಿಸಿ, ಪರದೆ ಸರಿಸಿ, ಊದುಬತ್ತಿಯನ್ನು ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಆಡಿಸಬೇಕು. ಹೊಗೆ ನಡುಗಿದಲ್ಲಿ ಸಂದಿದೆ. ಕದದ ನಡುವೆ ಕಾಗದದ ಚೂರಿಟ್ಟು ಮುಚ್ಚಿ, ಅದು ಸಲೀಸಾಗಿ ಹೊರಬಂದರೆ ಕದ ಬಿಗಿಯಾಗಿಲ್ಲವೆಂದೇ ಅರ್ಥ.

ಕದ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಅಂಟುವ ರಬ್ಬರ್ ಪಟ್ಟಿ ಸಾಕು. ಬಾಡಿಗೆ ಮನೆಯವರು ತಾವೇ ಅಂಟಿಸಿಕೊಳ್ಳಬಹುದು. ಸರಿಯುವ ಅಲ್ಯೂಮಿನಿಯಂ ಕಿಟಕಿಯಲ್ಲಿ ಸವೆದ ಬ್ರಷ್ ಪಟ್ಟಿಯನ್ನು ಬದಲಿಸಬೇಕು. ಚೌಕಟ್ಟು ಗೋಡೆ ಸೇರುವಲ್ಲಿ ಬಿರುಕಿದ್ದರೆ ಸೀಲಂಟ್ ತುಂಬಬೇಕು. ಸಿಲಿಕೋನ್ ಮೇಲೆ ಬಣ್ಣ ನಿಲ್ಲದು. ಬಣ್ಣ ಬಳಿಯುವುದಿದ್ದರೆ ಅಕ್ರಿಲಿಕ್ ಲೇಸು. ಒದ್ದೆ ಗೋಡೆಗೆ ಇದಾವುದೂ ಸರಿಯಾಗಿ ಹಿಡಿಯದ ಕಾರಣ ಸೆಪ್ಟೆಂಬರ್‌ನೊಳಗೇ ಕೆಲಸ ಮುಗಿಸುವುದು ಒಳಿತು.

ಮಳೆಗೆ ಉಬ್ಬಿದ ಮರದ ಕದವನ್ನು ಆಗಲೇ ಹೆಚ್ಚು ಹೆರೆಸಬಾರದು. ಒಣಗಿ ಕುಗ್ಗಿದಾಗ ಸಂದು ಇನ್ನೂ ದೊಡ್ಡದಾಗುತ್ತದೆ. ಸರಿಯುವ ಕಿಟಕಿಯ ಕೆಳಪಟ್ಟಿಯಲ್ಲಿರುವ ಸಣ್ಣ ರಂಧ್ರಗಳನ್ನೂ ಮುಚ್ಚಬಾರದು. ಅವು ನೀರು ಹೊರಹೋಗಲೆಂದೇ ಇರುವಂಥವು. ಧೂಳು ತೆಗೆದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಡುಗೆಮನೆಯ ಗಾಳಿಕಂಡಿಯನ್ನೂ ಗ್ಯಾಸ್ ಗೀಸರ್ ಇರುವ ಬಚ್ಚಲಿನ ಗಾಳಿಕಂಡಿಯನ್ನೂ ಎಂದಿಗೂ ಮುಚ್ಚಕೂಡದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ. ಮಲಗುವ ಕೋಣೆಯ ಸಂದು ಮುಚ್ಚಿದವರು ಬೆಳಿಗ್ಗೆ ಒಮ್ಮೆ ಕಿಟಕಿಯನ್ನು ಪೂರ್ತಿ ತೆರೆದಿಡುವುದನ್ನು ಮರೆಯದಿರಲಿ.