ಹೋಗೋಕೆ ಟೋಲ್, ವಾಪಸ್ ಬರೋಕೆ ಫ್ರೀ

ಬಿಳಿಗೆರೆಯ ತೆಂಗು ಬೆಳೆಗಾರರೊಬ್ಬರು ಕ್ರೈಸ್ತರಾಗಬೇಕು ಅಂದುಕೊಂಡರು ಅಂತಿಟ್ಕೊಳ್ಳಿ. ಕರ್ನಾಟಕದ 2022ರ ಮತಾಂತರ ಕಾಯ್ದೆ ಪ್ರಕಾರ 30 ದಿನ ಮುಂಚೆಯೇ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೂ ಅದನ್ನು ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಅವರೇ ಮುಂದೆ ಹಳೇ ಧರ್ಮಕ್ಕೆ ಮರಳಿದರೆ? ಅದು ಮತಾಂತರವೇ ಅಲ್ಲ ಅನ್ನುತ್ತೆ ಇದೇ ಕಾಯ್ದೆಯ 3ನೇ ಸೆಕ್ಷನ್.

ಅಕ್ಷರದಲ್ಲಿ ಈ ವಿನಾಯಿತಿ ಎಲ್ಲ ಧರ್ಮಕ್ಕೂ ಒಂದೇ, ಒಪ್ಪೋಣ. ಆದರೆ ಅದರೊಳಗೊಂದು ನಂಬಿಕೆ ಕೂತಿದೆ: ಮೊದಲಿದ್ದ ಧರ್ಮವೇ ಮನೆ, ಹೊಸದು ಬರೀ ಪ್ರವಾಸ. ಕ್ರೈಸ್ತರಿಗೆ ಇದು ಒಪ್ಪಿಗೆಯಾಗಲ್ಲ. ಅವರ ಪ್ರಕಾರ ವಿಶ್ವಾಸ ವಂಶದಿಂದ ಬರುವ ತೋಟವಲ್ಲ, ಪ್ರತಿಯೊಬ್ಬರೂ ತಾವೇ ಕೊಡಬೇಕಾದ ಉತ್ತರ. ಅಂದರೆ ಸರ್ಕಾರ ದೇವಶಾಸ್ತ್ರದ ಒಂದು ತಕರಾರಿನಲ್ಲಿ ಸದ್ದಿಲ್ಲದೆ ತೀರ್ಪು ಕೊಟ್ಟಾಯ್ತು.

ಕ್ರೈಸ್ತ ಸಮರ್ಥಕ ಚಿಂತಕ ಕಾರ್ನೀಲಿಯಸ್ ವ್ಯಾನ್ ಟಿಲ್ (1895–1987) ವಾದವೂ ಇದೇ: ತಟಸ್ಥ ನೆಲ ಅನ್ನೋದೇ ಇಲ್ಲ, ಎಲ್ಲರೂ ಯಾವುದೋ ನಂಬಿಕೆ ಮೇಲೆ ನಿಂತೇ ಮಾತಾಡ್ತಾರೆ. ತಾನೂ ತಟಸ್ಥನಲ್ಲ ಅಂತ ಆತ ಮುಚ್ಚಿಡಲಿಲ್ಲ. ಅಷ್ಟರಮಟ್ಟಿಗೆ ಅವನ ಮಾತು ನನಗೆ ಸರಿ ಅನಿಸುತ್ತೆ.

ಆದರೆ ಅಲ್ಲಿಂದ 'ಹಾಗಾದ್ರೆ ಎಲ್ಲ ಪಕ್ಷಪಾತವೂ ಒಂದೇ' ಅಂತ ಜಿಗಿಯೋಕೆ ನಾನು ತಯಾರಿಲ್ಲ. ಈ ಕಾಯ್ದೆ ರದ್ದತಿಗೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನಾನು ಕೇಳೋದು ಅದಕ್ಕಿಂತ ಸಣ್ಣದು: ಹೋಗುವವರಿಗೂ ಬರುವವರಿಗೂ ಒಂದೇ ಫಾರಂ ಇರಲಿ, ಇಲ್ಲವೇ ಯಾರಿಗೂ ಬೇಡ.