ಶುಶ್ರೂಷಾ ಶಾಸ್ತ್ರದಲ್ಲಿ ಪಿಎಚ್.ಡಿ.

ದಾದಿಯರು ಡಾಕ್ಟರೇಟ್ ಅಧ್ಯಯನ ಕೈಗೊಳ್ಳುತ್ತಾರೆಂದರೆ ನಮ್ಮಲ್ಲಿ ಹಲವರು ಇಂದಿಗೂ ಹುಬ್ಬೇರಿಸುತ್ತಾರೆ. ವೈದ್ಯರು ಹೇಳಿದಂತೆ ನಡೆಯುವವರಿಗೆ ಸಂಶೋಧನೆ ಏತಕ್ಕೆ ಎಂಬುದು ಅವರ ಪ್ರಶ್ನೆ. ಆದರೆ ಶುಶ್ರೂಷೆಗೆ ಅದರದೇ ಆದ ಸಮಸ್ಯೆಗಳಿವೆ.

ಯಾವ ಔಷಧ ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಮನೆಗೆ ಮರಳಿದ ರೋಗಿಯು ಅದನ್ನು ತಪ್ಪದೆ ಸೇವಿಸುವಂತೆ ಮಾಡುವುದು ಹೇಗೆ? ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣಾಗದಂತೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು? ತೂಕ ಕಡಿಮೆಯಿರುವ ಶಿಶುವನ್ನು ಎದೆಗವಚಿ ಬೆಚ್ಚಗಿಡುವುದನ್ನು ತಾಯಿಗೆ ಹೇಗೆ ಕಲಿಸಬೇಕು? ಪಾರ್ಶ್ವವಾಯು ಪೀಡಿತರನ್ನು ನೋಡಿಕೊಳ್ಳುವ ಮನೆಯವರ ಬಳಲಿಕೆಯನ್ನು ತಗ್ಗಿಸುವ ಬಗೆ ಯಾವುದು? ಇವೆಲ್ಲ ದಾದಿಯರ ಸಂಶೋಧನಾ ವಿಷಯಗಳು. ಹಗಲಿರುಳು ರೋಗಿಯ ಬಳಿ ಇರುವವರಿಗೇ ಇವು ಮೊದಲು ಹೊಳೆಯುತ್ತವೆ.

ದೆಹಲಿಯ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಿನಲ್ಲಿ 1986ರಲ್ಲಿ ಎಂ.ಫಿಲ್., 1992ರಲ್ಲಿ ಪಿಎಚ್.ಡಿ. ಆರಂಭವಾದವು. ಮುಂದೆ ಭಾರತೀಯ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಪಿಎಚ್.ಡಿ.ಗಾಗಿಯೇ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿತು. ಇದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ಡಾಕ್ಟರೇಟ್ ಪಡೆದವರಲ್ಲಿ ಅನೇಕರು ಬೋಧನೆಗೆ ತೆರಳುವುದರಿಂದ, ಅವರು ಕಂಡುಕೊಂಡದ್ದು ಗ್ರಂಥಾಲಯದಲ್ಲೇ ಉಳಿಯುವ ಅಪಾಯವಿದೆ. ಅದು ವಾರ್ಡಿಗೆ ಮರಳಿದಾಗಲೇ ರೋಗಿಗೆ ಪ್ರಯೋಜನ. ನಮ್ಮ ಮನೆಯ ಹೆಣ್ಣುಮಕ್ಕಳು ಈ ಅಧ್ಯಯನಕ್ಕೆ ಮನಸ್ಸು ಮಾಡಿದರೆ ಹಿರಿಯರು ಬೆಂಬಲವಾಗಿ ನಿಲ್ಲಬೇಕೆಂಬುದು ನಮ್ಮ ಆಶಯ.